ಗದ್ದಲದ ದೂರು ಯಾರ ಬಾಗಿಲಿಗೆ?

ನಮ್ಮ ತಂದೆಯವರು ಅಂಚೆ ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ದುಡಿದು ಪೋಸ್ಟ್‌ಮಾಸ್ಟರಾಗಿ ನಿವೃತ್ತರಾದವರು. ಕಾಗದ ಬರೆಯುವವರಿಗೆ ಅವರು ಹೇಳುತ್ತಿದ್ದ ಬುದ್ಧಿಮಾತು ಒಂದೇ: “ಒಳಗೆ ಏನು ಬೇಕಾದರೂ ಬರೆಯಿರಿ, ಹೊರಗೆ ವಿಳಾಸ ಮಾತ್ರ ಸರಿಯಾಗಿ ಬರೆಯಿರಿ.” ಈ ಮಾತಿನ ಬೆಲೆ ನನಗೆ ಪೂರ್ತಿಯಾಗಿ ತಿಳಿದದ್ದು ಕಾಗದದ ವಿಷಯದಲ್ಲಲ್ಲ, ಗದ್ದಲದ ವಿಷಯದಲ್ಲಿ.

ಎರಡು ವರ್ಷದ ಕೆಳಗೆ ಅವರು ಹೃದಯದ ಬೇನೆಯಿಂದ ಆಸ್ಪತ್ರೆ ಸೇರಿ, ಅಲ್ಲಿಂದ ಮನೆಗೆ ಬಂದಿದ್ದರು. ಔಷಧಿಗಿಂತ ನಿದ್ರೆ ಮುಖ್ಯವೆಂದು ವೈದ್ಯರು ಹೇಳಿ ಕಳಿಸಿದ್ದರು. ಅದೇ ವಾರ ನಮ್ಮ ಪಕ್ಕದ ನಿವೇಶನದಲ್ಲಿ ಅಪಾರ್ಟ್‌ಮೆಂಟಿನ ತಳಪಾಯಕ್ಕೆಂದು ಬಂಡೆ ಒಡೆಯುವ ಯಂತ್ರ ಬಂದು ನಿಂತಿತು. ಹಗಲಿನಲ್ಲಿ ಸುಮ್ಮನಿರುತ್ತಿದ್ದ ಆ ಯಂತ್ರ ರಾತ್ರಿ ಹತ್ತೂವರೆಗೆ ಎಚ್ಚೆತ್ತು ಬೆಳಗಿನ ಜಾವದವರೆಗೂ ಬಂಡೆಯನ್ನು ಕುಟ್ಟುತ್ತಿತ್ತು. ಮಂಚ ನಡುಗುತ್ತಿತ್ತು, ಗೂಡಿನಲ್ಲಿಟ್ಟ ಔಷಧಿ ಸೀಸೆಗಳು ಒಂದಕ್ಕೊಂದು ತಾಗಿ ಸಪ್ಪಳ ಮಾಡುತ್ತಿದ್ದುವು.

ಮೊದಲನೆಯ ರಾತ್ರಿ ನಾನು ಸಿಟ್ಟಿನಿಂದ ಹೋಗಿ ಯಂತ್ರ ನಡೆಸುವವನ ಮೇಲೆ ಕೂಗಾಡಿದೆ. ಅವನು ಇಪ್ಪತ್ತರ ಆಸುಪಾಸಿನ ಹುಡುಗ. ಕಿವಿಗೆ ಟವೆಲು ಸುತ್ತಿಕೊಂಡಿದ್ದ. “ನಾನು ನಿಲ್ಲಿಸಿದರೆ ನಾಳೆ ಬೇರೆಯವನು ಬಂದು ಕೂರುತ್ತಾನೆ, ಸಾರ್” ಎಂದ. ಮರುದಿನದಿಂದ ಕಚೇರಿಗಳ ಯಾತ್ರೆ ಹೊರಟೆ. ಮೊದಲ ಕಚೇರಿಯವರು, ಇದು ಕಟ್ಟಡದ ವಿಷಯ, ಎರಡನೆಯ ಕಚೇರಿಗೆ ಹೋಗಿ ಎಂದರು. ಎರಡನೆಯವರು, ಕಟ್ಟಡಕ್ಕೆ ಅನುಮತಿಯಿದೆ, ಸದ್ದು ನಮ್ಮದಲ್ಲ, ಮೂರನೆಯ ಕಚೇರಿಗೆ ಹೋಗಿ ಎಂದರು. ಮೂರನೆಯವರು ಬಹಳ ಸೌಜನ್ಯದಿಂದ ಕೂರಿಸಿ, ರಾತ್ರಿಯ ಗಲಾಟೆಗೆ ಮೊದಲನೆಯ ಕಚೇರಿಯೇ ಸರಿಯಾದ ಜಾಗವೆಂದು ತಿಳಿಸಿದರು. ಹೀಗೆ ಪ್ರದಕ್ಷಿಣೆ ಮುಗಿಯಿತು. ಹನ್ನೊಂದನೆಯ ರಾತ್ರಿ ಬಂಡೆಯೂ ಮುಗಿಯಿತು. ಯಂತ್ರ ತಾನಾಗಿಯೇ ಹೊರಟುಹೋಯಿತು.

ಕಾಲೇಜಿನಲ್ಲಿ ನಾನು ಕಾವ್ಯಮೀಮಾಂಸೆ ಪಾಠ ಹೇಳುವವನು. ಆನಂದವರ್ಧನನ ಧ್ವನಿಯ ಮೇಲೆ ಎಷ್ಟು ಗಂಟೆ ಬೇಕಾದರೂ ಮಾತಾಡಬಲ್ಲೆ. ಆದರೆ ಮನೆಯ ಪಕ್ಕದ ಧ್ವನಿಗೆ ಯಾರು ಒಡೆಯರೆಂಬುದು ನನಗೆ ಗೊತ್ತಿರಲಿಲ್ಲ. ಈ ನಾಚಿಕೆಯಿಂದಲೇ ಪುಸ್ತಕಗಳನ್ನು ತೆಗೆದು ಕೂತೆ. ಓದುತ್ತ ಹೋದಂತೆ ತಿಳಿದದ್ದು ಇದು: ನನ್ನ ಪ್ರದಕ್ಷಿಣೆಯನ್ನು ನನಗಿಂತ ನೂರು ವರ್ಷಕ್ಕೂ ಹಿಂದೆ ಬೇರೊಂದು ಊರಿನಲ್ಲಿ ಒಬ್ಬ ಹೆಂಗಸು ಮಾಡಿದ್ದಳು; ನನ್ನಂತೆ ಮನೆಗೆ ಹಿಂತಿರುಗಿ ಬಂದು ಕೂತಿರಲಿಲ್ಲ.

ಅವಳ ಕಥೆಗೆ ಮುಂಚೆ ಲಂಡನ್ನಿನ ಒಂದು ಪ್ರಸಂಗವನ್ನು ಹೇಳಬೇಕು. ಗಣಕಯಂತ್ರದ ಕಲ್ಪನೆಗೆ ಮೂಲಪುರುಷನೆಂದು ಹೆಸರಾದ ಚಾರ್ಲ್ಸ್ ಬ್ಯಾಬೇಜನಿಗೆ ಬೀದಿಯ ಸಂಗೀತವೆಂದರೆ ಆಗುತ್ತಿರಲಿಲ್ಲ. ಕಿಟಕಿಯ ಕೆಳಗೆ ಯಾರಾದರೂ ಹಿಡಿ ತಿರುಗಿಸುವ ಆರ್ಗನ್ ಪೆಟ್ಟಿಗೆ ನುಡಿಸಿದರೆ ಅವನ ಲೆಕ್ಕವೆಲ್ಲ ಕೆಡುತ್ತಿತ್ತು. ೧೮೩೯ರ ಲಂಡನ್ ಪೊಲೀಸ್ ಕಾಯ್ದೆಯಲ್ಲಿ, ಮನೆಯಲ್ಲಿ ಕಾಯಿಲೆಯವರಿದ್ದರೆ ಅಥವಾ ಬೇರೆ ನ್ಯಾಯವಾದ ಕಾರಣವಿದ್ದರೆ, ಬೀದಿಯ ವಾದ್ಯಗಾರನನ್ನು ಮುಂದಕ್ಕೆ ಹೋಗೆಂದು ಹೇಳುವ ಹಕ್ಕು ಗೃಹಸ್ಥನಿಗಿತ್ತು. ‘ನ್ಯಾಯವಾದ ಕಾರಣ’ ಯಾವುದು ಎಂಬುದರ ಮೇಲೆಯೇ ಜಗಳ. ಬ್ಯಾಬೇಜ್ ಮತ್ತು ಅವನಂಥವರ ಒತ್ತಾಯದಿಂದ, ಮೈಕೇಲ್ ಬಾಸ್ ಎಂಬ ಪಾರ್ಲಿಮೆಂಟಿನ ಸದಸ್ಯನ ಪ್ರಯತ್ನದಿಂದ, ೧೮೬೪ರಲ್ಲಿ ಅದನ್ನು ಬಿಗಿಮಾಡುವ ಹೊಸ ಕಾನೂನು ಬಂತು. ಬ್ಯಾಬೇಜನಿಗೆ ಅದರಿಂದ ನೆಮ್ಮದಿ ಸಿಕ್ಕಲಿಲ್ಲ. ಬೀದಿಯ ಹುಡುಗರು ಅವನನ್ನು ಅಟ್ಟಿಸಿಕೊಂಡು ಹೋಗಿ ಗೇಲಿಮಾಡುತ್ತಿದ್ದರು.

ಈ ಪ್ರಸಂಗದಲ್ಲಿ ನಾವು ಗಮನಿಸಬೇಕಾದ ಸಂಗತಿ ಒಂದಿದೆ. ಲಂಡನ್ನಿನಲ್ಲಿ ಆಗ ರೈಲಿನ, ಕಾರ್ಖಾನೆಯ, ಕಲ್ಲುಹಾಸಿನ ಮೇಲೆ ಉರುಳುವ ಗಾಡಿಗಳ ಸದ್ದಿಗೆ ಕೊರತೆಯಿರಲಿಲ್ಲ. ಆದರೆ ಕೈಗೆ ಸಿಕ್ಕವನು ಆರ್ಗನ್ ಪೆಟ್ಟಿಗೆಯ ಬಡವ. ಅವರಲ್ಲಿ ಅನೇಕರು ಇಟಲಿಯಿಂದ ಹೊಟ್ಟೆಪಾಡಿಗೆ ಬಂದವರು. ದೂರಿಗೆ ವಿಳಾಸ ಗೊತ್ತಿಲ್ಲದಿದ್ದರೆ ಕೋಪ ಹತ್ತಿರದ ಬಡವನ ತಲೆಯ ಮೇಲೆ ಬೀಳುತ್ತದೆ. ಟವೆಲು ಸುತ್ತಿಕೊಂಡ ಹುಡುಗನ ಮೇಲೆ ನಾನು ಕೂಗಾಡಿದ್ದೂ ಇದೇ ಜಾತಿಯ ಕೆಲಸ.

ಈಗ ನ್ಯೂಯಾರ್ಕಿಗೆ ಬರೋಣ. ಆ ಹೆಂಗಸಿನ ಹೆಸರು ಜೂಲಿಯಾ ಬಾರ್ನೆಟ್ ರೈಸ್. ೧೮೮೫ರಲ್ಲಿ ವೈದ್ಯಕೀಯ ಪದವಿ ಪಡೆದಿದ್ದಳು. ವೃತ್ತಿ ಮಾತ್ರ ನಡೆಸಲಿಲ್ಲ. ಗಂಡ ಐಸಾಕ್ ರೈಸ್ ವಕೀಲ, ಉದ್ಯಮಿ, ಚದುರಂಗದ ಹುಚ್ಚು ಹಿಡಿದವನು. ಹಡ್ಸನ್ ನದಿಯನ್ನು ನೋಡುವಂತೆ ಅವರು ಕಟ್ಟಿಸಿದ ಮನೆಗೆ ಹೆಂಡತಿಯ ಹೆಸರನ್ನೇ ಇಟ್ಟು ‘ವಿಲ್ಲಾ ಜೂಲಿಯಾ’ ಎಂದು ಕರೆದಿದ್ದರು. ನದಿಯ ನೋಟ ಚೆನ್ನಾಗಿತ್ತು. ನದಿಯ ಸದ್ದು ಮಾತ್ರ ಸಹಿಸುವಂತಿರಲಿಲ್ಲ. ದೊಡ್ಡ ಹಡಗುಗಳನ್ನೂ ಸರಕಿನ ದೋಣಿಗಳನ್ನೂ ಎಳೆಯುವ ಉಗಿಯ ದೋಣಿಗಳು ರಾತ್ರಿಯಿಡೀ ಸಿಳ್ಳೆ ಹಾಕುತ್ತಿದ್ದುವು. ಅಪಾಯ ತಪ್ಪಿಸಲು ಹಾಕುವ ಸಿಳ್ಳೆಯನ್ನು ಯಾರೂ ಬೇಡವೆನ್ನಲಾರರು. ಆದರೆ ದಡಕ್ಕೆ ಹೋದ ಕೆಲಸಗಾರರನ್ನು ಕರೆಯಲು, ಎದುರಿಗೆ ಬಂದ ಸ್ನೇಹಿತನ ದೋಣಿಗೆ ನಮಸ್ಕಾರ ಹೇಳಲು, ಸುಮ್ಮನೆ ಹೊತ್ತು ಕಳೆಯಲು ಹಾಕುವ ಸಿಳ್ಳೆಗಳೇ ಹೆಚ್ಚಾಗಿದ್ದುವು.

ಆಕೆ ಕೂಗಾಡಲಿಲ್ಲ, ಎಣಿಸಿದಳು. ೧೯೦೫ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದ ಕಾನೂನು ವಿದ್ಯಾರ್ಥಿಗಳನ್ನು ಸಂಬಳಕ್ಕೆ ಗೊತ್ತುಮಾಡಿ, ನದಿಯ ದಡದಲ್ಲಿ ಕೂರಿಸಿ, ಪ್ರತಿಯೊಂದು ಸಿಳ್ಳೆಯನ್ನೂ ಬರೆದಿಡಿಸಿದಳು. ಒಂದೊಂದು ರಾತ್ರಿ ಲೆಕ್ಕ ಮೂರು ಸಾವಿರದ ಹತ್ತಿರಕ್ಕೆ ಹೋಯಿತು. ದಡದಲ್ಲಿದ್ದ ಆಸ್ಪತ್ರೆಗಳವರಿಂದ, ರಾತ್ರಿ ಪಹರೆಯ ಪೊಲೀಸರಿಂದ ಹೇಳಿಕೆಗಳನ್ನು ಕೂಡಿಸಿದಳು. ಆಗ ಇದು ಒಬ್ಬ ಶ್ರೀಮಂತ ಗೃಹಿಣಿಯ ನಿದ್ರೆಯ ಪ್ರಶ್ನೆಯಾಗಿ ಉಳಿಯದೆ ಸಾವಿರಾರು ರೋಗಿಗಳ ಪ್ರಶ್ನೆಯಾಯಿತು.

ಅದಾದ ಮೇಲೆ ಆಕೆಯ ಯಾತ್ರೆ ಆರಂಭವಾಯಿತು. ಊರಿನ ಅಧಿಕಾರಿಗಳು, ನದಿ ನಮ್ಮ ಹದ್ದಿಗೆ ಸೇರಿದ್ದಲ್ಲ ಎಂದರು. ಹಡಗು ನಡೆಯುವ ನೀರಿನ ಮೇಲಿನ ಅಧಿಕಾರ ಊರಿನದಲ್ಲ, ವಾಷಿಂಗ್ಟನ್ನಿನ ಕೇಂದ್ರ ಸರ್ಕಾರದ್ದು. ಆ ಸರ್ಕಾರದ ಕೈಕೆಳಗೆ ಉಗಿ ಹಡಗುಗಳ ತಪಾಸಣೆಗೆಂದೇ ಅಧಿಕಾರಿಗಳಿದ್ದರು. ಅವರನ್ನು ಕೇಳಿದರೆ, ಹಡಗಿನ ಸುರಕ್ಷತೆಯನ್ನು ನೋಡುವುದು ನಮ್ಮ ಕೆಲಸ, ಅನಗತ್ಯವಾದ ಸಿಳ್ಳೆಗೆ ಶಿಕ್ಷೆ ಕೊಡುವ ಅಧಿಕಾರ ನಮಗಿಲ್ಲ ಎಂದರು. ಅಂದರೆ ಸದ್ದು ಊರಿನ ಕಿವಿಗೆ ಬೀಳುತ್ತಿತ್ತು, ಊರಿನ ಹದ್ದಿನಿಂದ ಹೊರಗೆ ಹುಟ್ಟುತ್ತಿತ್ತು, ಹದ್ದಿನ ಒಡೆಯನಿಗೆ ಅದನ್ನು ತಡೆಯುವ ಕಾನೂನಿರಲಿಲ್ಲ.

ಸರಿಯಾದ ಬಾಗಿಲು ಇಲ್ಲವೆಂದು ಖಚಿತವಾದ ಮೇಲೆ ಆಕೆ ಬಾಗಿಲನ್ನು ಮಾಡಿಸಲು ಹೊರಟಳು. ನ್ಯೂಯಾರ್ಕಿನ ಪ್ರತಿನಿಧಿ ವಿಲಿಯಂ ಬೆನೆಟ್ ಕಾಂಗ್ರೆಸ್ಸಿನಲ್ಲಿ ಮಸೂದೆ ತಂದನು. ೧೯೦೭ರಲ್ಲಿ ಅದು ಕಾನೂನಾಗಿ, ಅನಗತ್ಯ ಸಿಳ್ಳೆಯನ್ನು ನಿಯಂತ್ರಿಸುವ ಅಧಿಕಾರ ಅದೇ ಹಡಗು ತಪಾಸಣೆಯವರಿಗೆ ಬಂತು. ಅಷ್ಟು ಹೊತ್ತಿಗೆ ಆಕೆ ಅನಗತ್ಯ ಗದ್ದಲವನ್ನು ನಿವಾರಿಸುವ ಸಂಘವೊಂದನ್ನು ಕಟ್ಟಿದ್ದಳು. ಅದೇ ವರ್ಷ ನ್ಯೂಯಾರ್ಕ್ ನಗರದಲ್ಲಿ ಆಸ್ಪತ್ರೆಗಳ ಸುತ್ತ ನಿಶ್ಶಬ್ದ ವಲಯಗಳನ್ನು ಗೊತ್ತುಪಡಿಸಿದರು. ಮುಂದೆ ಸಂಘದ ಮಕ್ಕಳ ಶಾಖೆಗೆ ಲೇಖಕ ಮಾರ್ಕ್ ಟ್ವೇನ್ ಗೌರವಾಧ್ಯಕ್ಷನಾದ. ಆಸ್ಪತ್ರೆಯ ಹತ್ತಿರ ಗಲಾಟೆ ಮಾಡುವುದಿಲ್ಲವೆಂದು ಶಾಲೆಯ ಮಕ್ಕಳು ಸಾವಿರಗಟ್ಟಲೆ ಪ್ರತಿಜ್ಞೆ ಮಾಡಿದರು. ವಿಧಿಯ ವಿನೋದವೆಂದರೆ, ಕಾನೂನಾದ ೧೯೦೭ರಲ್ಲಿಯೇ ರೈಸ್ ದಂಪತಿಗಳು ‘ವಿಲ್ಲಾ ಜೂಲಿಯಾ’ವನ್ನು ಮಾರಿ ಬೇರೆ ಕಡೆಗೆ ಹೊರಟುಹೋದರು. ನಿಶ್ಶಬ್ದವನ್ನು ಗಳಿಸಿದವಳು ಒಬ್ಬಳು, ಅದರಲ್ಲಿ ಮಲಗಿ ನಿದ್ರಿಸಿದವರು ಬೇರೆಯವರು.

ಇಪ್ಪತ್ತೆರಡು ವರ್ಷಗಳ ತರುವಾಯ, ೧೯೨೯ರಲ್ಲಿ, ಅದೇ ನಗರ ಗದ್ದಲ ನಿವಾರಣೆಗೆಂದು ಒಂದು ಆಯೋಗವನ್ನು ನೇಮಿಸಿತು. ಪತ್ರಿಕೆಗಳಲ್ಲಿ ಪ್ರಶ್ನಾವಳಿ ಅಚ್ಚಾಯಿತು. ಹನ್ನೊಂದು ಸಾವಿರಕ್ಕೂ ಹೆಚ್ಚು ಮಂದಿ ಉತ್ತರ ಬರೆದರು. ಮೂರರಲ್ಲಿ ಒಂದಕ್ಕಿಂತ ಹೆಚ್ಚು ದೂರುಗಳು ರಸ್ತೆಯ ವಾಹನಗಳ ಮೇಲೆ. ಆಮೇಲೆ ರೈಲು ಮತ್ತು ಟ್ರಾಮು, ರೇಡಿಯೋ, ಸರಕು ಇಳಿಸುವುದು, ಸಿಳ್ಳೆ ಗಂಟೆಗಳು, ಕಟ್ಟಡದ ಕೆಲಸ, ಮನುಷ್ಯರ ಕೂಗು ಹೀಗೆ ಪಟ್ಟಿಯಾಯಿತು. ಅದೇ ಕಾಲದಲ್ಲಿ ಬಳಕೆಗೆ ಬಂದ ‘ಡೆಸಿಬಲ್’ ಎಂಬ ಹೊಸ ಅಳತೆಯಿಂದ, ಲಾರಿಯೊಂದರಲ್ಲಿ ಉಪಕರಣಗಳನ್ನಿಟ್ಟುಕೊಂಡು ಊರೆಲ್ಲ ಸುತ್ತಿ ಸದ್ದನ್ನು ಅಳೆದರು. ಈ ಆಯೋಗದಿಂದ ನ್ಯೂಯಾರ್ಕ್ ಶಾಂತವಾಗಲಿಲ್ಲ. ಆದರೆ ಅದು ಮಾಡಿದ ವಿಂಗಡಣೆ ದೊಡ್ಡ ಕೆಲಸ. ‘ಗದ್ದಲ’ ಎಂಬ ಒಂದು ಮುದ್ದೆಯನ್ನು ಬಿಡಿಸಿ, ಇದು ಇಂಥವರದು, ಅದು ಅಂಥವರದು ಎಂದು ಬೇರೆಬೇರೆ ತಟ್ಟೆಗೆ ಹಾಕಿತು. ಅಂಚೆ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ, ಕಾಗದಗಳನ್ನು ಊರೂರಿನ ಚೀಲಕ್ಕೆ ವಿಂಗಡಿಸುವ ಕೆಲಸ.

ನಮ್ಮ ದೇಶದಲ್ಲಿ ಈ ವಿಂಗಡಣೆ ಬಹಳ ತಡವಾಗಿ ನಡೆಯಿತು. ೧೮೬೦ರ ದಂಡಸಂಹಿತೆಯಲ್ಲಿ ‘ಸಾರ್ವಜನಿಕ ಉಪದ್ರವ’ ಎಂಬ ಒಂದು ಅಪರಾಧವಿತ್ತು. ಹೊಗೆ, ನಾತ, ಗಲಾಟೆ ಎಲ್ಲವೂ ಆ ಒಂದೇ ಚೀಲದೊಳಗೆ. ಮೇಲಿನ ದಂಡ ಇನ್ನೂರು ರೂಪಾಯಿಗೆ ಮೀರದು. ೧೮೬೧ರ ಪೊಲೀಸ್ ಕಾಯ್ದೆ ಹಬ್ಬ ಉತ್ಸವಗಳಲ್ಲಿ ಬೀದಿಯ ವಾದ್ಯಕ್ಕೆ ಮಿತಿ ಹಾಕುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತ್ತು. ಅಂದಿನ ಸರ್ಕಾರದ ಚಿಂತೆ ಜನರ ನಿದ್ರೆಯಲ್ಲ. ವಾದ್ಯದ ನೆಪದಲ್ಲಿ ಗಲಭೆಯಾಗದಿರಲಿ ಎಂಬುದಷ್ಟೆ. ಧ್ವನಿವರ್ಧಕ ಬಂತು, ಮೋಟಾರು ಬಂತು, ಜನರೇಟರು ಬಂತು. ಚೀಲ ಮಾತ್ರ ಹಳೆಯದೇ ಉಳಿಯಿತು. ೧೯೮೧ರ ವಾಯುಮಾಲಿನ್ಯ ಕಾಯ್ದೆಯಲ್ಲಿ ಮೊದಲು ಸದ್ದಿನ ಮಾತೇ ಇರಲಿಲ್ಲ. ೧೯೮೭ರ ತಿದ್ದುಪಡಿಯಲ್ಲಿ ‘ಗಾಳಿಯನ್ನು ಕೆಡಿಸುವ ವಸ್ತು’ಗಳ ಸಾಲಿಗೆ ಸದ್ದನ್ನೂ ಸೇರಿಸಿದರು.

ನಮ್ಮ ಕಾನೂನಿಗೆ ನಿಜವಾದ ಎಚ್ಚರ ಬರುವುದಕ್ಕೆ ಒಂದು ಘೋರ ಘಟನೆ ಬೇಕಾಯಿತು. ೧೯೯೮ರ ಜನವರಿಯಲ್ಲಿ ಪತ್ರಿಕೆಗಳಲ್ಲಿ ಒಂದು ವರದಿ ಬಂತು. ಹದಿಮೂರು ವರ್ಷದ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ ನಡೆದಾಗ ಅವಳು ಕೂಗಿಕೊಂಡಿದ್ದಳು. ನೆರೆಯಲ್ಲಿ ಧ್ವನಿವರ್ಧಕದ ಸಂಗೀತ ಅಬ್ಬರಿಸುತ್ತಿದ್ದುದರಿಂದ ಆ ಕೂಗು ಯಾರಿಗೂ ಕೇಳಿಸಲಿಲ್ಲ. ಅಂದು ಸಂಜೆ ಅವಳು ಮೈಗೆ ಬೆಂಕಿ ಹಚ್ಚಿಕೊಂಡು ಸತ್ತಳು. ಅರಣ್ಯರೋದನವೆಂಬ ಮಾತನ್ನು ನಾವು ಕೇಳುವವರಿಲ್ಲದ ಕಾಡಿಗೆ ಹೇಳುತ್ತೇವೆ. ಇದು ಜನ ತುಂಬಿದ ಊರಿನ ನಡುವಿನ ಅರಣ್ಯರೋದನ. ಈ ವರದಿಯನ್ನು ಓದಿದ ಒಬ್ಬ ಎಂಜಿನಿಯರು ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದರು. ಆ ಮೊಕದ್ದಮೆಯ ತೀರ್ಪು ೨೦೦೫ರ ಜುಲೈ ೧೮ರಂದು ಬಂತು. ನೆಮ್ಮದಿಯಿಂದ ಬಾಳುವ ಹಕ್ಕು ಸಂವಿಧಾನದ ೨೧ನೆಯ ವಿಧಿ ಕೊಟ್ಟ ಜೀವಿಸುವ ಹಕ್ಕಿನಲ್ಲೇ ಅಡಗಿದೆ, ಬೇಡವೆನ್ನುವವನ ಕಿವಿಗೆ ಸದ್ದನ್ನು ತುರುಕುವ ಹಕ್ಕು ಯಾರಿಗೂ ಇಲ್ಲ ಎಂಬುದು ಅದರ ತಿರುಳು.

ಇದರ ನಡುವೆ, ೨೦೦೦ದ ಫೆಬ್ರವರಿಯಲ್ಲಿ, ಶಬ್ದಮಾಲಿನ್ಯ ನಿಯಮಗಳು ಜಾರಿಗೆ ಬಂದಿದ್ದುವು. ವಾಸದ ಬಡಾವಣೆಯಲ್ಲಿ ಹಗಲಿಗೆ ೫೫ ಡೆಸಿಬಲ್, ರಾತ್ರಿಗೆ ೪೫. ಅಂಗಡಿ ಬೀದಿಗೆ ೬೫ ಮತ್ತು ೫೫. ಕೈಗಾರಿಕೆಯ ಪ್ರದೇಶಕ್ಕೆ ೭೫ ಮತ್ತು ೭೦. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ನೂರು ಮೀಟರಿನ ನಿಶ್ಶಬ್ದ ವಲಯಕ್ಕೆ ೫೦ ಮತ್ತು ೪೦. ಇಲ್ಲಿ ರಾತ್ರಿಯೆಂದರೆ ಹತ್ತರಿಂದ ಬೆಳಗಿನ ಆರರವರೆಗೆ. ಹತ್ತು ಡೆಸಿಬಲ್ ಹೆಚ್ಚಿತೆಂದರೆ ಸದ್ದಿನ ಶಕ್ತಿ ಹತ್ತುಪಟ್ಟಾಯಿತೆಂದು ಅರ್ಥ.

ಈ ನಿಯಮಗಳಲ್ಲಿ ನಾವು ಮುಖ್ಯವಾಗಿ ತಿಳಿಯಬೇಕಾದದ್ದು ಅಂಕಿಗಳಲ್ಲ, ವಿಳಾಸ. ದೂರನ್ನು ಕೇಳಬೇಕಾದ ‘ಪ್ರಾಧಿಕಾರ’ ಯಾವುದೆಂದು ಅಲ್ಲಿ ಬರೆದಿದೆ: ಜಿಲ್ಲಾ ಮ್ಯಾಜಿಸ್ಟ್ರೇಟರು, ಪೊಲೀಸ್ ಕಮಿಷನರು, ಅಥವಾ ಈ ಕೆಲಸಕ್ಕೆಂದು ನಿಯುಕ್ತರಾದ, ಡೆಪ್ಯುಟಿ ಸೂಪರಿಂಟೆಂಡೆಂಟರ ದರ್ಜೆಗೆ ಕಡಮೆಯಿಲ್ಲದ ಅಧಿಕಾರಿ. ೨೦೧೦ರ ತಿದ್ದುಪಡಿ ಇನ್ನೂ ಒಂದು ಉಪಕಾರ ಮಾಡಿತು. ವಾಸದ ಬಡಾವಣೆಯಲ್ಲಿ ರಾತ್ರಿ ಹತ್ತರ ಮೇಲೆ ಸದ್ದು ಮಾಡುವ ಕಟ್ಟಡ ಯಂತ್ರಗಳನ್ನು ನಡೆಸಬಾರದು, ಸದ್ದಿನ ಪಟಾಕಿ ಹೊಡೆಯಬಾರದು, ಅಪಾಯದ ಸಂದರ್ಭ ಬಿಟ್ಟು ಹಾರ್ನ್ ಮಾಡಬಾರದು. ಹಗಲಿನ ದೂರಿಗೆ ಮಿತಿಗಿಂತ ಹತ್ತು ಡೆಸಿಬಲ್ ಮೀರಿದೆಯೆಂಬ ಅಳತೆ ಬೇಕು. ರಾತ್ರಿಯ ಈ ನಿಷೇಧಗಳನ್ನು ಮುರಿದವರ ಮೇಲೆ ದೂರು ಕೊಡಲು ಅಳತೆಯೇ ಬೇಡ, ಗಡಿಯಾರ ಸಾಕು. ನಾನು ಹನ್ನೊಂದು ರಾತ್ರಿ ಸುತ್ತಾಡುತ್ತಿದ್ದಾಗ ಈ ವಾಕ್ಯ ಪುಸ್ತಕದಲ್ಲಿ ಅಚ್ಚಾಗಿ ಕೂತಿತ್ತು!

ಓದಿದ್ದರಿಂದ ನಾನು ಮಾಡಿಕೊಂಡ ವಿಂಗಡಣೆಯನ್ನು ವಾಚಕರ ಮುಂದಿಡುತ್ತೇನೆ. ಯಾರಿಗಾದರೂ ಒಂದು ರಾತ್ರಿಯ ನಿದ್ರೆ ಉಳಿದರೆ ಸಾಕು. ಈಗಲೇ ನಡೆಯುತ್ತಿರುವ ರಾತ್ರಿಯ ಸದ್ದು, ಅದು ಧ್ವನಿವರ್ಧಕವಿರಲಿ, ಪಟಾಕಿಯಿರಲಿ, ಬಂಡೆ ಒಡೆಯುವ ಯಂತ್ರವಿರಲಿ, ಪೊಲೀಸರದು. ೧೧೨ಕ್ಕೆ ಫೋನು ಮಾಡಿ ಹೊತ್ತನ್ನೂ ಜಾಗವನ್ನೂ ಹೇಳಬೇಕು. ಮರುದಿನ ಅದೇ ದೂರನ್ನು ಬರಹದಲ್ಲಿ ಮೇಲಿನ ಪ್ರಾಧಿಕಾರಕ್ಕೆ ಕಳಿಸಬೇಕು. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕೇ ಬೇಕು. ಹಬ್ಬ ಉತ್ಸವಗಳಿಗೆಂದು ರಾಜ್ಯ ಸರ್ಕಾರ ನಡುರಾತ್ರಿಯವರೆಗೆ ವಿನಾಯಿತಿ ಕೊಡಬಹುದಾದರೂ ಅದು ವರ್ಷಕ್ಕೆ ಹದಿನೈದು ದಿನಗಳಿಗೆ ಮೀರುವಂತಿಲ್ಲ. ದಿನವೂ ಒಂದೇ ಸಮನೆ ಬರುವ ಕಾರ್ಖಾನೆಯ ಅಥವಾ ಜನರೇಟರಿನ ಸದ್ದು ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯದು. ಅಳೆಯುವ ಉಪಕರಣ ಅವರಲ್ಲಿದೆ. ಕರ್ಕಶ ಹಾರ್ನಿನ, ಸೈಲೆನ್ಸರ್ ಕಿತ್ತ ವಾಹನದ ದೂರು ಸಂಚಾರ ಪೊಲೀಸರಿಗೂ ಸಾರಿಗೆ ಇಲಾಖೆಗೂ ಸೇರಿದ್ದು. ಅಲ್ಲಿ ವಾಹನದ ನಂಬರೇ ವಿಳಾಸ. ಕಟ್ಟಡದ ಅನುಮತಿಯ ಷರತ್ತು ಮುರಿದಿದ್ದರೆ ನಗರಪಾಲಿಕೆ. ರೈಲಿನ ಸಿಳ್ಳೆಗೆ ರೈಲ್ವೆ, ವಿಮಾನದ ಸದ್ದಿಗೆ ಕೇಂದ್ರದ ವಿಮಾನಯಾನ ಅಧಿಕಾರಿಗಳು. ಇವು ನಮ್ಮ ಹಡ್ಸನ್ ನದಿಗಳು, ಬೀದಿಯ ಠಾಣೆಯನ್ನು ಬೈದು ಫಲವಿಲ್ಲ. ಯಾವ ಚೀಲಕ್ಕೂ ಸೇರದೆ ತಿಂಗಳುಗಟ್ಟಲೆ ಕಾಡುವ ಸಾರ್ವಜನಿಕ ಉಪದ್ರವವಾದರೆ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು; ಹಿಂದೆ ದಂಡಪ್ರಕ್ರಿಯಾ ಸಂಹಿತೆಯ ೧೩೩ನೆಯ ಕಲಮಿನಲ್ಲಿದ್ದ ಈ ಅಧಿಕಾರ, ೨೦೨೪ರ ಜುಲೈ ೧ರಿಂದ ನಾಗರಿಕ ಸುರಕ್ಷಾ ಸಂಹಿತೆಯ ೧೫೨ನೆಯ ಕಲಮಿನಲ್ಲಿದೆ. ಅದೇ ದಿನ ಹಳೆಯ ದಂಡಸಂಹಿತೆಯೂ ಹೋಗಿ ನ್ಯಾಯಸಂಹಿತೆ ಬಂದು, ಸಾರ್ವಜನಿಕ ಉಪದ್ರವದ ದಂಡದ ಮಿತಿ ಇನ್ನೂರರಿಂದ ಸಾವಿರ ರೂಪಾಯಿಗೆ ಏರಿತು. ಇನ್ನು ಪಕ್ಕದ ಮನೆಯ ಟೆಲಿವಿಷನ್ನಿಗೆ? ಮೊದಲ ಬಾಗಿಲು ಪಕ್ಕದ ಮನೆಯದೇ. ಅದನ್ನು ತಟ್ಟದೆ ಕಚೇರಿಗೆ ಹೋಗುವುದು ಸಜ್ಜನಿಕೆಯಲ್ಲ.

ವಿಳಾಸ ಗೊತ್ತಿದ್ದ ಮಾತ್ರಕ್ಕೆ ಕಾಗದ ತಲುಪಿಯೇ ತಲುಪುತ್ತದೆಂದು ನಾನು ಹೇಳುವುದಿಲ್ಲ. ತಲುಪಿದ ಕಾಗದವನ್ನು ಒಡೆಯದೆ ಮೇಜಿನ ಮೇಲೆ ಇಟ್ಟುಕೊಳ್ಳುವವರೂ ಇದ್ದಾರೆ. ಆದರೆ ವಿಳಾಸ ತಪ್ಪಿದ್ದರೆ ಅವರಿಗೆ ನಾಚಿಕೆಪಡುವ ಅಗತ್ಯವೂ ಬೀಳುವುದಿಲ್ಲ. ಶ್ರೀಮತಿ ರೈಸ್ ಗೆದ್ದದ್ದು ಸಿರಿವಂತಿಕೆಯಿಂದ ಎನ್ನುವವರಿದ್ದಾರೆ; ಅದು ಸುಳ್ಳಲ್ಲ. ಆದರೂ ಆಕೆ ಮಾಡಿದ ಮೂರು ಕೆಲಸಗಳಿಗೆ ಸಿರಿ ಬೇಕಾಗಿಲ್ಲ: ಎಣಿಸಿ ಬರೆದಿಡುವುದು, ತನ್ನಂತೆ ನರಳುವವರನ್ನು ಕೂಡಿಸಿಕೊಳ್ಳುವುದು, ಯಾರು ಯಾವುದಕ್ಕೆ ಹೊಣೆಯೆಂದು ಬಿಡದೆ ಕೇಳುವುದು.

ನಮ್ಮ ತಂದೆಯವರು ಮುಂದಿನ ಬೇಸಗೆಯಲ್ಲಿ ತೀರಿಕೊಂಡರು. ಆ ಯಂತ್ರದಿಂದ ಹೋದರೆಂದು ನಾನು ಹೇಳಲಾರೆ. ವಯಸ್ಸೂ ಆಗಿತ್ತು, ಹೃದಯವೂ ಸೋತಿತ್ತು. ಆದರೆ ಅವರಿಗೆ ಉಳಿದಿದ್ದ ಎಣಿಕೆಯ ರಾತ್ರಿಗಳಲ್ಲಿ ಹನ್ನೊಂದು ನಿದ್ರೆಯಿಲ್ಲದೆ ಕಳೆದುವು, ಅದಕ್ಕೆ ನನ್ನ ಅಜ್ಞಾನವೂ ಒಂದು ಕಾರಣ. ಆ ರಾತ್ರಿಗಳಲ್ಲಿ ಅವರು ದಿಂಬಿಗೆ ಒರಗಿ ಕೂತು, ನಾನು ಕಚೇರಿಗಳಿಗೆ ಬರೆದ ಅರ್ಜಿಗಳನ್ನು ಓದುತ್ತಿದ್ದರು. “ಭಾಷೆ ಚೆನ್ನಾಗಿದೆ” ಎಂದು ಒಮ್ಮೆ ಹೇಳಿದರು. ಅಷ್ಟೇ ಹೇಳಿ, ಲಕೋಟೆಯನ್ನು ತಿರುಗಿಸಿ, ಅದರ ಮೇಲಿನ ವಿಳಾಸವನ್ನು ಬಹಳ ಹೊತ್ತು ನೋಡುತ್ತ ಕೂತಿದ್ದರು.

ಕಳೆದ ತಿಂಗಳು ನಮ್ಮ ಬೀದಿಯ ಇನ್ನೊಂದು ತುದಿಯಲ್ಲಿ ಅಂಥದೇ ಯಂತ್ರ ಬಂತು. ಅಲ್ಲಿನ ಮನೆಯೊಂದರಲ್ಲಿ ಬಾಣಂತಿ ಇದ್ದಾಳೆ. ಆ ಮನೆಯವರು ನನ್ನ ಬಳಿಗೆ ಬಂದಾಗ ನಾನು ಅರ್ಧ ಪುಟದ ಅರ್ಜಿ ಬರೆದುಕೊಟ್ಟೆ. ಅದರಲ್ಲಿ ಅಲಂಕಾರವಿರಲಿಲ್ಲ, ತಾರೀಕು, ಹೊತ್ತು, ನಿಯಮ, ಎಂಟು ಮನೆಯವರ ರುಜು ಇದ್ದುವು. ಮೂರನೆಯ ದಿನದಿಂದ ಯಂತ್ರ ರಾತ್ರಿ ಹತ್ತಕ್ಕೆ ನಿಲ್ಲುತ್ತಿದೆ. ಅದನ್ನು ನಡೆಸುವ ಹುಡುಗನೂ ಆ ಹೊತ್ತಿಗೆ ಮಲಗುತ್ತಾನೆ.